ದಾನಿಯ ಕಾಂಡಕೋಶ (ಸ್ಟೆಮ್ ಸೆಲ್) ಕಸಿಯಾದವರ ಮದ್ದು, ಮದ್ದಿನ ನಂಜು: ಬಳಗದ ಪ್ರಶ್ನೋತ್ತರ

ನಿರ್ವಾಹಕರು: ಮಂಗಳೂರಿನ ಆಸ್ಪತ್ರೆಯೊಂದರ ಕಸಿ ವಾರ್ಡಿನಲ್ಲಿ ಔಷಧ ತಜ್ಞೆಯಾಗಿರುವ ನಮ್ಮ ಕಾಸರಗೋಡಿನ ಬದಿಯಡ್ಕದ ಅಕ್ಕ ಇಂದು ಸಂಜೆ ಉತ್ತರಿಸುತ್ತಾರೆ. ವಿಷಯದಲ್ಲಿಯೇ ಇರಿ.

ಕುಂಬಳೆ: ಮೇಡಂ, ಕಸಿಯಾದವರು ಅಮೃತಬಳ್ಳಿ ಕಷಾಯ ಕುಡಿಯಬಹುದೇ?

ತಜ್ಞೆ: ಕುಡಿಯಬಾರದು. ದಾನಿಯ ಕೋಶಗಳು ರೋಗಿಯ ಮೈಯ ಮೇಲೆಯೇ ತಿರುಗಿ ಬೀಳದಿರಲಿ ಎಂದು ರೋಗನಿರೋಧಕ ಶಕ್ತಿಯನ್ನು ನಾವು ಬೇಕೆಂದೇ ತಗ್ಗಿಸಿಟ್ಟಿರುತ್ತೇವೆ. ಅದನ್ನು ಕೆಣಕುವುದು ಬೇಡ. ಅಮೃತಬಳ್ಳಿಯಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ನಮ್ಮ ದೇಶದಲ್ಲಿಯೇ ವರದಿಯಾಗಿವೆ.

ಪೆರ್ಲ: ಅಕ್ಕಾ, ತಮ್ಮನಿಗೆ ಕಸಿಯಾಗಿ 70 ದಿನ. ಕೋಶ ಕೊಟ್ಟವಳು ನಾನೇ. ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದು ಟ್ಯಾಕ್ರೊಲಿಮಸ್ ಬೆಳಗ್ಗೆ 2, ರಾತ್ರಿ 2 ಮಿಲಿಗ್ರಾಂ. ಶ್ವಾಸಕೋಶದಲ್ಲಿ ಶಿಲೀಂಧ್ರ ಸೋಂಕು ಎಂದು ಹತ್ತು ದಿನದ ಹಿಂದೆ ಬೇರೊಂದು ಆಸ್ಪತ್ರೆಯಲ್ಲಿ ವೊರಿಕೊನಜೋಲ್ ಸೇರಿಸಿದರು. ಮೂರು ದಿನದಿಂದ ಕೈ ನಡುಗುತ್ತಿದೆ. ಇಂದು ಅಂಗಿಯ ಗುಂಡಿ ಹಾಕಲಾಗದೆ ನನ್ನನ್ನು ಕರೆದ. ಭೇದಿಯೂ ಇದೆ. ನಿತ್ರಾಣವೇ?

ತಜ್ಞೆ: ವೊರಿಕೊನಜೋಲ್ ಕೊಡುವಾಗ ಟ್ಯಾಕ್ರೊಲಿಮಸ್ ಇಳಿಸಿದರೇ? ರಕ್ತದಲ್ಲಿ ಅದರ ಮಟ್ಟ ಕೊನೆಗೆ ನೋಡಿದ್ದು ಯಾವಾಗ?

ಪೆರ್ಲ: ಇಳಿಸಿಲ್ಲ. ಮಟ್ಟ ನೋಡಿದ್ದು ಅದಕ್ಕೂ ಮೊದಲು. ಆಗ 9 ಇತ್ತು.

ತಜ್ಞೆ: ತಂಗೀ, ಇದು ನಿತ್ರಾಣವಲ್ಲ, ಮದ್ದು ಮೈಯಲ್ಲಿ ಏರಿರುವ ಲಕ್ಷಣ. ಟ್ಯಾಕ್ರೊಲಿಮಸನ್ನು ಕರಗಿಸಿ ಹೊರಹಾಕುವ ಕಿಣ್ವ ಯಕೃತ್ತಿನಲ್ಲಿಯೂ ಕರುಳಿನಲ್ಲಿಯೂ ಇದೆ. ವೊರಿಕೊನಜೋಲ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಅದಕ್ಕಾಗಿಯೇ ಅದನ್ನು ಶುರು ಮಾಡುವ ದಿನವೇ ಟ್ಯಾಕ್ರೊಲಿಮಸನ್ನು ಸುಮಾರು ಮೂರನೇ ಒಂದು ಪಾಲಿಗೆ ಇಳಿಸಿ, ಮತ್ತೆ ಮತ್ತೆ ಮಟ್ಟ ನೋಡುತ್ತೇವೆ. ಭೇದಿಯಾದಾಗಲೂ ಮಟ್ಟ ಇಳಿಯುವುದಿಲ್ಲ, ಏರುತ್ತದೆ. ಕರುಳಿನ ತಡೆ ಕಳಚಿ ಮದ್ದು ಹೆಚ್ಚು ಒಳಗೆ ಹೋಗುತ್ತದೆ. ನಿಮ್ಮ ತಮ್ಮನಿಗೆ ಎರಡೂ ಒಟ್ಟಿಗೆ ಬಂದಿವೆ.

ಈಗಲೇ ಕಸಿ ಮಾಡಿದ ವೈದ್ಯರಿಗೆ ಫೋನ್ ಮಾಡಿ. ರಾತ್ರಿಯ ಮಾತ್ರೆ ಕೊಡಬೇಕೇ ಬೇಡವೇ ಎಂದು ಅವರೇ ಹೇಳಲಿ, ನೀವಾಗಿ ನಿಲ್ಲಿಸಬೇಡಿ. ನಾಳೆ ಬೆಳಗಿನ ಮಾತ್ರೆ ನುಂಗುವ ಮೊದಲು ರಕ್ತ ಕೊಡಬೇಕು, ನುಂಗಿ ಹೋದರೆ ಆ ಅಂಕಿಗೆ ಅರ್ಥವಿಲ್ಲ. ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್, ಜೊತೆಗೆ ಪೊಟ್ಯಾಸಿಯಮ್, ಮೆಗ್ನೀಸಿಯಮ್ ಕೂಡ ನೋಡಿಸಿ. ಮೆಗ್ನೀಸಿಯಮ್ ಇಳಿದರೆ ಅಪಸ್ಮಾರದ ಭಯವಿದೆ. ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮಾತು ತೊದಲುವುದು ಕಂಡರೆ ಬೆಳಗಾಗುವುದನ್ನು ಕಾಯಬೇಡಿ. ಬಿಪಿ ಎಷ್ಟಿದೆ? ಅವನು ಬೇರೆ ಏನು ತಿನ್ನುತ್ತಿದ್ದಾನೆ?

ಪೆರ್ಲ: ಬಿಪಿ 160/100. ಪಕ್ಕದ ಮನೆಯವರು ಚಕ್ಕೋತ ಕೊಟ್ಟಿದ್ದರು, ದಿನಾ ನಾಲ್ಕು ತೊಳೆ ತಿನ್ನುತ್ತಾನೆ.

ತಜ್ಞೆ: ಚಕ್ಕೋತ ಈ ಕ್ಷಣವೇ ನಿಲ್ಲಿಸಿ. ಅದೂ ಅದೇ ಕಿಣ್ವವನ್ನು ತಡೆಯುತ್ತದೆ. ಬಿಪಿಯನ್ನೂ ಫೋನಿನಲ್ಲಿ ಹೇಳಿ. ಮೊದಲು ಫೋನ್ ಮಾಡಿ, ಆಮೇಲೆ ಇಲ್ಲಿ ಬರೆಯಿರಿ.

ಮುಳ್ಳೇರಿಯ ಮಾಸ್ಟ್ರು: ನಮಗೆ ಬಂದ ಸಂದೇಶ: ಬಿಂಬುಳಿ (ಬಿಲಿಂಬಿ ಹುಳಿಕಾಯಿ) ರಸ ಬೆಳಗ್ಗೆ ಒಂದು ಲೋಟ, ಮೂತ್ರಪಿಂಡದ ನಂಜೆಲ್ಲ ತೊಳೆದು ಹೋಗುತ್ತದೆ. ಹತ್ತು ಜನರಿಗೆ ಕಳುಹಿಸಿ.

ತಜ್ಞೆ: ಮಾಸ್ಟ್ರೇ, ದಯವಿಟ್ಟು ಅಳಿಸಿ. ಬಿಂಬುಳಿಯ ಗಟ್ಟಿ ರಸ ಕುಡಿದು ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳು ಕಟ್ಟಿ ಡಯಾಲಿಸಿಸ್‌ಗೆ ಹೋದವರ ಬಗ್ಗೆ ಕೇರಳದ ವೈದ್ಯರೇ ಬರೆದಿದ್ದಾರೆ. ಟ್ಯಾಕ್ರೊಲಿಮಸ್‌ನಿಂದ ಮೊದಲೇ ನಲುಗಿದ ಮೂತ್ರಪಿಂಡಕ್ಕೆ ಇದನ್ನು ಸುರಿಯಬೇಡಿ.

ಮುಳ್ಳೇರಿಯ ಮಾಸ್ಟ್ರು: ನಮ್ಮ ಹಿರಿಯರು ಬಿಂಬುಳಿ ತಿಂದೇ ಬದುಕಿದವರು.

ಮಂಜೇಶ್ವರ: ಹಿರಿಯರು ಸಾರಿಗೆ ಎರಡು ಹಾಕುತ್ತಿದ್ದರು ಮಾಸ್ಟ್ರೇ, ಲೋಟದಲ್ಲಿ ಕುಡಿಯುತ್ತಿರಲಿಲ್ಲ. ನಿಜವಾದ ತೊಂದರೆ ಬೇರೆ ಇದೆ. ಮದ್ದಿನ ಚೀಟಿ ಇಂಗ್ಲಿಷಿನಲ್ಲಿ, ಸೂಚನೆ ಮಲಯಾಳದಲ್ಲಿ. ನನ್ನ ಅತ್ತೆಗೆ ಎರಡೂ ಓದಲು ಬಾರದು.

ಕುಂಬಳೆ: ಇಲ್ಲಿದ್ದ ಮೇಲೆ ಮಲಯಾಳ ಕಲಿಯಬಹುದಲ್ಲ?

ಮಂಜೇಶ್ವರ: ಎಪ್ಪತ್ತರ ಪ್ರಾಯದಲ್ಲಿಯೇ? ನಾವು ಎಲ್ಲಿಂದಲೋ ಬಂದವರಲ್ಲ, ಈ ನೆಲದವರೇ.

ಮುಳ್ಳೇರಿಯ ಮಾಸ್ಟ್ರು: ಸರಿಯಾದ ಮಾತು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇದನ್ನೇ ಹೇಳುತ್ತಿದ್ದೇವೆ.

ಕುಂಬಳೆ: ಅಂದರೆ ನಾನು ಹೊರಗಿನವನೇ? ನೇರವಾಗಿ ಹೇಳಿ.

ತಜ್ಞೆ: ಈ ಜಗಳ ಬೇರೆ ಕಡೆ ಮಾಡಿ. ಟ್ಯಾಕ್ರೊಲಿಮಸ್‌ನ ಅರ್ಧ ಮಿಲಿಗ್ರಾಂ, ಒಂದು ಮಿಲಿಗ್ರಾಂ ಕ್ಯಾಪ್ಸೂಲ್ ಅದಲುಬದಲಾದದ್ದನ್ನು ನಾನು ಕಂಡಿದ್ದೇನೆ. ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ನೀವೇ ದೊಡ್ಡದಾಗಿ ಬರೆದಿಡಿ. ಮದ್ದಿನ ಕಂಪನಿ ಬದಲಾದರೆ ವೈದ್ಯರಿಗೆ ತಿಳಿಸಿ.

ಉಪ್ಪಳ: ಮಗಳಿಗೆ ತಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ, ಕಸಿಗೆ ಮೊದಲು ಹಳೆಯ ಮಜ್ಜೆ ಬರಿದುಮಾಡಲು ಬುಸಲ್ಫಾನ್ ಎಂಬ ಮದ್ದು ಕೊಡುತ್ತಾರಂತೆ. ಯಕೃತ್ತು ಕೆಡುತ್ತದೆಯೇ? ಖರ್ಚಿಗೆ ಎಲ್ಲಿ ಅರ್ಜಿ ಹಾಕಬೇಕು?

ತಜ್ಞೆ: ಅಪಾಯವಿದೆ. ಒಂದೇ ಪ್ರಮಾಣ ಕೊಟ್ಟರೂ ಒಬ್ಬೊಬ್ಬರ ರಕ್ತದಲ್ಲಿ ಒಂದೊಂದು ಮಟ್ಟ ಬರುತ್ತದೆ. ಅಳೆದು ಹೊಂದಿಸುತ್ತಾರೆಯೇ ಎಂದು ಕೇಳಿ. ಯಕೃತ್ತನ್ನು ಕಾಯಲು ಅರ್ಸೊಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ಕೊಡುವುದುಂಟು. ಅಪಾಯ ಹೆಚ್ಚಿರುವ ತಲಸ್ಸೇಮಿಯಾ ಮಕ್ಕಳಿಗೆ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಬುಸಲ್ಫಾನ್ ಬದಲು ಟ್ರಿಯೊಸಲ್ಫಾನ್ ಬಳಸಿ ಯಕೃತ್ತಿನ ತೊಂದರೆ ತಗ್ಗಿಸಿದ್ದಾರೆ. ಅದನ್ನೂ ಕೇಳಿ.

ಕುಂಬಳೆ: ಪಪ್ಪಾಯಿ ಎಲೆ ರಸ?

ತಜ್ಞೆ: ಬೇಡ.

ನೀರ್ಚಾಲು: ಅಮೃತಬಳ್ಳಿ ಮಾತ್ರೆಯ ರೂಪದಲ್ಲಿ ಆದೀತೇ?

ತಜ್ಞೆ: ಮೇಲೆ ಓದಿ.

ಉಪ್ಪಳ: ಖರ್ಚಿನ ವಿಷಯ ಹೇಳಲಿಲ್ಲ ಮೇಡಂ.

ಮುಳ್ಳೇರಿಯ ಮಾಸ್ಟ್ರು: ಪ್ರಶ್ನೆ ಕೇಳಿದವರಿಗೆ ಹೀಗೆ ಚುಟುಕಾಗಿ ಉತ್ತರಿಸುವುದು ಮರ್ಯಾದೆಯಲ್ಲ.

ತಜ್ಞೆ: ಪೆರ್ಲದ ತಂಗಿ ಫೋನ್ ಮಾಡಿದರೇ? ಯಾರಾದರೂ ಅವರ ಮನೆಯ ಹತ್ತಿರದವರಿದ್ದೀರಾ?

ಪೆರ್ಲ (ಮರುದಿನ ಮಧ್ಯಾಹ್ನ): ಅಕ್ಕಾ, ರಾತ್ರಿಯ ಮಾತ್ರೆ ತಡೆದು, ಕೂಡಲೇ ಕರೆದುಕೊಂಡು ಬನ್ನಿ ಎಂದರು. ಜೀಪು ಮಾಡಿ ಹೋದೆವು. ಬೆಳಗ್ಗೆ ತೆಗೆದ ರಕ್ತದಲ್ಲಿ ಟ್ಯಾಕ್ರೊಲಿಮಸ್ 26, ಕ್ರಿಯಾಟಿನಿನ್ 1.9. ದಾಖಲು ಮಾಡಿಕೊಂಡಿದ್ದಾರೆ. ನಡುಕ ಹಾಗೆಯೇ ಇದೆ.

ತಜ್ಞೆ: ಮೆಗ್ನೀಸಿಯಮ್ ಎಷ್ಟು ಬಂತು?