ಹಳೇ ಅರಿವಿಯಿಂದ ಮತ್ತ ಅರಿವಿ ಆಗಬೇಕಂದ್ರ ಏನ್ ಮಾಡ್ಬೇಕ್ರಿ?

ಬಾಗಲಕೋಟಿ, ನವನಗರದಿಂದ:
ನಮ್ಮ ಓಣಿ ಹೆಣ್ಣಮಕ್ಕಳ ಸಂಘದಾಗ ಹಳೇ ಅರಿವಿ ಹದಿನಾಲ್ಕು ಚೀಲ ಕೂಡ್ಯಾವ್ರಿ. ಗುಜರಿಗೆ ಹಾಕಿ ಕೈ ತೊಳಕೊಳ್ಳೂದು ಬ್ಯಾಡ, ಮತ್ತ ಬಟ್ಟಿನ ಆಗ್ಲಿ ಅಂತ ಆಸೆ. ಯಾರರ ಮಾಡೀರೇನು?

ಬೆಳಗಾವಿ, ಶಹಾಪುರ:
ಅಕ್ಕಾರ, ನಾವು ಮಾಡಿ ಕೆಟ್ಟೇವ್ರಿ. ಆಷಾಢದಾಗ ಕೂಡಿಸಿದ್ವಿ, ನಮ್ಮೂರ ಮಳಿ ಗೊತ್ತಲ್ಲ. ಯಾರೋ ಒಂದ ಹಸಿ ಟವೆಲ್ ತುರುಕಿದ್ರು, ಎಂಟ ದಿನದಾಗ ಇಡೀ ಚೀಲಕ್ಕ ಬೂಸ್ಟು. ಒಗದು ಒಣಗಿಸಿದ್ದಷ್ಟ ತಗೋರಿ, ಇಲ್ಲಂದ್ರ ಬಾಗಿಲದಾಗಿಂದನ ವಾಪಸ್ ಕಳಸ್ರಿ.

ಆಮ್ಯಾಲೆ ಆರಿಸೂದು. ಅಂಚಿನಿಂದ ಒಂದ ಎಳಿ ಕಿತ್ತು ಕಡ್ಡಿ ಹಚ್ರಿ. ಹತ್ತಿ ಇದ್ರ ಕಾಗದ ಸುಟ್ಟ ವಾಸನಿ, ಬೂದಿ ಬೆರಳಾಗ ಪುಡಿ ಆಗ್ತದ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗ್ತದ (ಆರೂತನಕ ಮುಟ್ಟಬ್ಯಾಡ್ರಿ, ನನ್ನ ಹೆಬ್ಬೆರಳ ಸಾಕ್ಷಿ). ಎರಡೂ ಕೂಡಿದ್ದು ಬಾಳ ಸಿಗ್ತದ, ಅದನ್ನ ಬಿಡಿಸೂದು ಮಷಿನ್ನಿಗೂ ತ್ರಾಸು.

ಹರಿಯಾಣದ ಪಾಣಿಪತ್‌ದಾಗ ಹಳೇ ಅರಿವಿ ಹರದು, ಎಳಿ ಬಿಡಿಸಿ ಮತ್ತ ನೂಲು ತಗೀತಾರ. ಬಣ್ಣದ ಪ್ರಕಾರ ಆರಿಸೂದರಿಂದ ಮತ್ತ ಬಣ್ಣ ಹಾಕೂ ಖರ್ಚಿಲ್ಲ. ಆದ್ರ ಹರದಾಗ ಎಳಿ ಗಿಡ್ಡ ಆಗ್ತಾವು, ಹೊಸ ಎಳಿ ಕೂಡಿಸಬೇಕು, ನೂಲೂ ದಪ್ಪ. ಕಂಬಳಿಗೆ ಸರಿ, ಸೀರಿಗಲ್ಲ. ನಿಮ್ಮ ಹದಿನಾಲ್ಕು ಚೀಲಕ್ಕ ಅಲ್ಲಿತನಕ ಲಾರಿ ಬಾಡಿಗಿ ಗಿಟ್ಟೂದಿಲ್ಲ ಬಿಡ್ರಿ.

ಬನಹಟ್ಟಿ, ಮಗ್ಗದ ಮನಿ:
ಪಾಣಿಪತ್ ಯಾಕ್ರಿ, ಕೈಮಗ್ಗ ಹುಡುಕ್ರಿ. ಪವರ್‌ಲೂಮಿಗೆ ಚಿಂದಿ ಹಾಕಿ ನೋಡೀನಿ, ಲಾಳಿ ಹಿಡೀಲಿಲ್ಲ. ಹತ್ತಿ ಸೀರಿ ಎರಡ ಬೆರಳ ಅಗಲ ಕತ್ತರಸ್ರಿ. ತುದಿಗೆ ಬಂದಾಗ ಪೂರ್ತಿ ಕತ್ತರಸದ ಹಂಗ ತಿರುಗಿ ಬಂದ್ರ ಇಡೀ ಸೀರಿ ಒಂದ ಪಟ್ಟಿ ಆಗ್ತದ. ಪಟ್ಟಿಗೆ ಪಟ್ಟಿ ಗಂಟ ಹಾಕಬ್ಯಾಡ್ರಿ, ನೇಯುವಾಗ ಉಬ್ಬತಾವು. ತುದಿಗೆ ಸಣ್ಣ ಸೀಳು ಕೊಟ್ಟು ಒಂದರಾಗ ಒಂದ ಪೋಣಸ್ರಿ. ಹೊಕ್ಕಿಗೆ (ಅಡ್ಡ ಎಳಿಗೆ) ಪಟ್ಟಿ, ಹಾಸಿಗೆ (ಉದ್ದ ಎಳಿಗೆ) ಮಾತ್ರ ಹೊಸ ನೂಲು. ಸವದ ನೂಲು ಹಾಸಿನ ಎಳತ ತಡಿಯೂದಿಲ್ಲ. ಜಮಖಾನಿ, ಕಾಲೊರಸು ಛಲೋ ಆಗ್ತಾವು.

ಇಳಕಲ್ ಸೀರಿ ಬಂದ್ರ ಒಡಲು, ಸೆರಗು ಕೊಂಡಿ ಕೂಡಿಸಿದಲ್ಲಿ ಬ್ಯಾರೆ ಮಾಡ್ರಿ. ಬಾಳ ಸಲ ಎರಡರದೂ ಎಳಿ ಬ್ಯಾರೆ ಇರ್ತಾವು.

ವಿಜಯಪುರ:
ಕೌದಿ ಮರತ್ರೇನು? ಖರೆ, ಕೌದಿ ಹೊಸಾ ನೇಯ್ಗಿ ಅಲ್ಲ, ಆದ್ರ ಕೂಡಿದ ಜಾತಿ ಅರಿವಿಗೂ ನಡೀತದ, ಎಳಿ ಬಿಡಿಸೂ ತಾಪತ್ರಯ ಇಲ್ಲ. ಒಂದ ಮಾತು: ಹೊಲಿಯೂ ಅಜ್ಜಿಯರಿಗೆ ಕೂಲಿ ಕೊಡ್ರಿ. ಸೇವಾ ಅಂತ ಹೇಳಿ ಕೂಡ್ಸಿದ್ವಿ, ಎರಡನೇ ವಾರ ಒಬ್ಬಾಕಿನೂ ಬರಲಿಲ್ಲ. ಭಾಂಡೆ ಮಾರೂ ಬಾಯಿನೂ ಹಳೇ ಸೀರಿಗೆ ಪಾತ್ರಿ ಕೊಟ್ಟ ಒಯ್ತಾಳ, ಪುಕ್ಕಟೆ ಕೇಳೂದಿಲ್ಲ.

ನವನಗರ:
ಇವತ್ತ ನಾಲ್ಕು ಚೀಲ ಬಿಚ್ಚಿ ಕಡ್ಡಿ ಹಚ್ಚಿ ಹಚ್ಚಿ ಒಂದ ಪೆಟ್ಟಿಗಿ ಖಾಲಿ ಆತ್ರಿ. ಪೂರಾ ಹತ್ತಿ ಅಂದ್ರ ಒಂದ ಚೀಲನೂ ತುಂಬಲಿಲ್ಲ. ಉಳಿದದ್ದು ಕೌದಿಗೆ. ಬನಹಟ್ಟಿ ಅಣ್ಣಾರ, ಹಾಸಿಗೆ ಎಷ್ಟ ನಂಬರ್ ನೂಲು ತರಬೇಕು?