ಸಹಾಯ ಬೇಕು: ಹೆರಿಗೆ ರಜೆ ಪಿಎಚ್‌.ಡಿ. ಅವಧಿಯಲ್ಲಿ ಸೇರುತ್ತದೆಯೇ?

ಎಲ್ಲರಿಗೂ ನಮಸ್ಕಾರ. ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ 2021ರಲ್ಲಿ ಪಿಎಚ್‌.ಡಿ.ಗೆ ನೋಂದಾಯಿಸಿಕೊಂಡವಳು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನವೆಂಬರ್‌ನಲ್ಲಿ ಹೊಸ ನಿಯಮಾವಳಿ ಹೊರಡಿಸಿದರೂ, ಅದಕ್ಕೂ ಮೊದಲು ಸೇರಿದ ನನ್ನಂಥವರಿಗೆ 2016ರದ್ದೇ ಅನ್ವಯ. ಹಾಗಾಗಿ ಪ್ರಬಂಧ ಸಲ್ಲಿಸುವ ಮುನ್ನ ಒಂದು ಲೇಖನ ಪ್ರಕಟವಾಗಿರಬೇಕು, ಸಮ್ಮೇಳನಗಳಲ್ಲಿ ಎರಡು ಬಾರಿ ಮಂಡಿಸಿರಬೇಕು. ಅದಕ್ಕೆ ನನ್ನ ತಕರಾರಿಲ್ಲ, ಎರಡೂ ಮುಗಿದಿವೆ.

ತೊಡಕಿರುವುದು ರಜೆಯಲ್ಲಿ. ಮಹಿಳೆಯರಿಗೆ ಹೆರಿಗೆ ಅಥವಾ ಶಿಶುಪಾಲನೆಗೆ ಇಡೀ ಅವಧಿಯಲ್ಲಿ ಒಮ್ಮೆ 240 ದಿನಗಳವರೆಗೆ ರಜೆ ಉಂಟು. ಪಿಎಚ್‌.ಡಿ. ಮುಗಿಸಲು ಇರುವ ಆರು ವರ್ಷಗಳ ಗರಿಷ್ಠ ಮಿತಿಗೆ ಎರಡು ವರ್ಷಗಳ ಸಡಿಲಿಕೆಯೂ ಪ್ರತ್ಯೇಕವಾಗಿ ಉಂಟು. ಹಾಗಾದರೆ ರಜೆಯ ದಿನಗಳು ಆ ಆರು ವರ್ಷಗಳ ಒಳಗೋ ಹೊರಗೋ? ಹೊರಗೆ ಎನ್ನುತ್ತಾರೆ ಮಾರ್ಗದರ್ಶಕರು. ಕಚೇರಿಯವರು ಒಳಗೇ ಎನ್ನುತ್ತಾರೆ, ಬರವಣಿಗೆಯಲ್ಲಿ ಮಾತ್ರ ಕೊಡುವುದಿಲ್ಲ. ಬಾಣಂತನದ ತಿಂಗಳುಗಳನ್ನು ಸಂಶೋಧನೆಯ ಸಮಯವೆಂದು ಎಣಿಸುವುದು ನನಗಂತೂ ಅನ್ಯಾಯವಾಗಿ ಕಾಣುತ್ತದೆ.

ಇದೇ ಪರಿಸ್ಥಿತಿ ಎದುರಿಸಿದ ಅಕ್ಕಂದಿರು, ತಂಗಿಯರು ಇದ್ದರೆ ದಯವಿಟ್ಟು ತಿಳಿಸಿ. ನಿಮ್ಮ ವಿಶ್ವವಿದ್ಯಾಲಯ ಈ ಬಗ್ಗೆ ಸುತ್ತೋಲೆ ಹೊರಡಿಸಿದೆಯೇ? ಸ್ಪಷ್ಟೀಕರಣ ಕೋರಿ ಕುಲಸಚಿವರಿಗೆ ನೇರವಾಗಿ ಬರೆಯಬಹುದೇ, ಅಥವಾ ವಿಭಾಗದ ಮುಖ್ಯಸ್ಥರ ಮೂಲಕವೇ ಹೋಗಬೇಕೇ? ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಉತ್ತರ ಪಡೆದವರಿದ್ದರೆ ಅದರ ಪ್ರತಿ ಸಿಕ್ಕರೂ ದೊಡ್ಡ ಉಪಕಾರ.