ಅತ್ತೆಗೆ ಸಕ್ಕರೆ ಕಾಯಿಲೆ: ಪೇಟೆಯ ಕ್ಲಿನಿಕ್ಕನ್ನು ನಂಬಬಹುದೇ?

ಬದಿಯಡ್ಕದಿಂದ ಕೇಳಿದ್ದು:
ಪುತ್ತೂರಿನಿಂದ ಇಲ್ಲಿಗೆ, ಕೇರಳದ ಕಾಸರಗೋಡು ಜಿಲ್ಲೆಗೆ, ಬಂದು ಎರಡು ತಿಂಗಳಾಯಿತು. ಅತ್ತೆಗೆ 72 ಪ್ರಾಯ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ಬಿಪಿಯೂ ಉಂಟು. ತುಳು, ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಯಾವಾಗಲೂ ಜನ ತುಂಬಿರುತ್ತಾರೆ. ಅಷ್ಟು ಸಾಕೇ? ಪ್ರತಿ ಸಲ ಮಂಗಳೂರಿಗೆ ಹೋಗಲು ಆಗುವುದಿಲ್ಲ.

ಕುಂಬಳೆಯಿಂದ:
ಅಕ್ಕ, ಜನ ತುಂಬಿರುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಮ್ಮ ಅಪ್ಪನನ್ನು ನಾಲ್ಕು ವರ್ಷ ಅಂಥದ್ದೇ ಒಂದು ಕಡೆಗೆ ಕರೆದುಕೊಂಡು ಹೋಗಿದ್ದೆವು. ಬೆಳಿಗ್ಗೆ ಆರಕ್ಕೆ ಟೋಕನ್, ಹತ್ತೂವರೆಗೆ ಒಳಗೆ, ಎರಡು ನಿಮಿಷದಲ್ಲಿ ಹೊರಗೆ. ರಿಪೋರ್ಟ್ ನೋಡುವುದು, ಹಳೆಯ ಮದ್ದನ್ನೇ ಪುನಃ ಬರೆಯುವುದು. ಅಷ್ಟು ವರ್ಷದಲ್ಲಿ ಒಮ್ಮೆಯೂ ಅಪ್ಪನ ಕಾಲು ನೋಡಿದವರಿಲ್ಲ. ತೋಟದಲ್ಲಿ ಬರಿಗಾಲಲ್ಲೇ ನಡೆಯುವ ಮನುಷ್ಯ. ಪಾದದಲ್ಲಿ ಸ್ಪರ್ಶವೇ ಹೋಗಿತ್ತು, ಮುಳ್ಳು ಹೊಕ್ಕದ್ದೇ ಗೊತ್ತಾಗಲಿಲ್ಲ. ಮಂಗಳೂರು ಹತ್ತಿರದ ದೇರಳಕಟ್ಟೆಯ ಆಸ್ಪತ್ರೆಗೆ ಕೊಂಡುಹೋಗುವಾಗ ಹೆಬ್ಬೆರಳು ಕಪ್ಪಾಗಿತ್ತು. ತೆಗೆಯಬೇಕಾಯಿತು.

ಈಗ ತೋರಿಸುವ ಡಾಕ್ಟ್ರು ಮೊದಲ ದಿನವೇ "ಕಾಲು ಮೇಲಿಡಿ ಅಜ್ಜ" ಅಂದರು. ಬೆರಳ ಸಂದಿಗಳನ್ನೆಲ್ಲ ನೋಡಿ, ನೈಲಾನ್ ನೂಲಿನಂಥದ್ದನ್ನು ಪಾದಕ್ಕೆ ಮುಟ್ಟಿಸಿ "ಗೊತ್ತಾಗ್ತದಾ?" ಎಂದು ಕೇಳಿದರು. ಅದಕ್ಕೆ ಹಿಡಿದದ್ದು ಐದು ನಿಮಿಷ. ಆ ಐದು ನಿಮಿಷ ಮೊದಲೇ ಸಿಕ್ಕಿದ್ದರೆ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಕಾಲು, ಕಣ್ಣಿನ ಒಳಭಾಗ, ಮೂತ್ರದಲ್ಲಿ ಪ್ರೋಟೀನ್: ಈ ಮೂರನ್ನೂ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು. ನೀವು ಕೇಳುವ ಮೊದಲೇ ಇದನ್ನು ನೆನಪಿಸುವ ಡಾಕ್ಟ್ರು ಸಿಕ್ಕಿದರೆ ಬಿಡಬೇಡಿ.

ನೀರ್ಚಾಲಿನಿಂದ, ನಿವೃತ್ತ ನರ್ಸ್:
ಮೇಲೆ ಹೇಳಿದ್ದು ಸರಿ. ನಾನು ಎಲ್ಲಿ ಹೋದರೂ ಬಿಪಿ ನೋಡುವ ಕ್ರಮವನ್ನು ಗಮನಿಸುತ್ತೇನೆ. ಮೆಟ್ಟಿಲು ಹತ್ತಿ ಬಂದವರನ್ನು ನಿಲ್ಲಿಸಿಕೊಂಡೇ, ರವಿಕೆಯ ತೋಳಿನ ಮೇಲೇ ಪಟ್ಟಿ ಸುತ್ತಿದರೆ ಆ ಅಂಕಿಯನ್ನು ನಂಬಲಾಗದು. ಐದು ನಿಮಿಷ ಕೂರಿಸಬೇಕು, ಬೆನ್ನಿಗೆ ಆಸರೆ ಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು. ಮತ್ತೆ, ಆಗಿನ ಸಕ್ಕರೆ ಮಾತ್ರ ನೋಡುತ್ತಾರೋ, ಎರಡು-ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿಯನ್ನೂ ಬರೆಯುತ್ತಾರೋ ನೋಡಿ. ನೆಗಡಿಗೆ ಆಂಟಿಬಯೋಟಿಕ್ ಬೇಡ, ಇಂಜೆಕ್ಷನ್ ಬೇಡ ಎಂದು ಹೇಳುವ ಡಾಕ್ಟರನ್ನು ಜನ ಬೈಯುತ್ತಾರೆ. ನನಗೆ ಅಂಥವರ ಮೇಲೆಯೇ ಹೆಚ್ಚು ನಂಬಿಕೆ.

ಹತ್ತಿರದ ಸರಕಾರಿ ಕುಟುಂಬಾರೋಗ್ಯ ಕೇಂದ್ರವನ್ನೂ ಒಮ್ಮೆ ನೋಡಿ ಬನ್ನಿ. ಸಕ್ಕರೆ, ಬಿಪಿಯ ಮದ್ದು ಅಲ್ಲಿ ಕೊಡುತ್ತಾರೆ.

ಉಪ್ಪಳದಿಂದ:
ಕಾಗದಪತ್ರದ ಬಗ್ಗೆ ಯಾರೂ ಹೇಳಲಿಲ್ಲ. 2020ರ ಮಾರ್ಚ್‌ನಲ್ಲಿ, ಕೊರೊನಾ ಸಮಯದಲ್ಲಿ, ಕರ್ನಾಟಕದ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಅಮ್ಮನ ಫೈಲೆಲ್ಲ ಮಂಗಳೂರಿನಲ್ಲಿತ್ತು. ಇಲ್ಲಿನ ಡಾಕ್ಟರ ಮುಂದೆ ಮಾತ್ರೆಯ ಖಾಲಿ ಸ್ಟ್ರಿಪ್ಪುಗಳನ್ನು ಹರಡಿ ಕೂತಿದ್ದೆವು. ಅವರು ಒಂದೊಂದನ್ನೂ ಓದಿ, ಪುಸ್ತಕದಲ್ಲಿ ಬರೆದುಕೊಟ್ಟರು. ಅಂದಿನಿಂದ ಊರಿನಲ್ಲೇ ಒಬ್ಬರು ಡಾಕ್ಟ್ರು ಇರಲೇಬೇಕು ಎಂದು ನಿಶ್ಚಯಿಸಿದೆವು. ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇರಬೇಕು, ಅಕ್ಷರ ಓದುವ ಹಾಗಿರಬೇಕು. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಿಯಮವೇ ಉಂಟು. ಕೇಳಿದಾಗ ಮುಖ ಗಂಟಿಕ್ಕಿದರೆ ಬೇರೆ ಕಡೆ ನೋಡಿ.

ಬದಿಯಡ್ಕದಿಂದ:
ಎಲ್ಲರಿಗೂ ಧನ್ಯವಾದ. ಡಾಕ್ಟ್ರು ಮಲಯಾಳದವರು, ಅತ್ತೆಯ ಮಾತನ್ನು ನಾನೇ ದಾಟಿಸಬೇಕು. ನನಗೂ ಮಲಯಾಳ ಅರೆಬರೆ. ಅದಕ್ಕೇನು ಮಾಡಲಿ?

ನೀರ್ಚಾಲಿನಿಂದ:
ಅತ್ತೆಯನ್ನೇ ಮೊದಲು ಮಾತನಾಡಲು ಬಿಡಿ ತಂಗಿ. ಡಾಕ್ಟ್ರು ಅವರ ಮುಖ ನೋಡುತ್ತಾರೋ, ನಿಮ್ಮ ಮುಖ ಮಾತ್ರ ನೋಡುತ್ತಾರೋ ಎಂಬುದರಲ್ಲೇ ಅರ್ಧ ತಿಳಿಯುತ್ತದೆ. ನಮ್ಮಲ್ಲಿ ಒಬ್ಬರು "ಕಾಲು ಜೋಮು ಹಿಡಿಯುತ್ತದೆ" ಎಂದದ್ದನ್ನು ಮಗ "ನೋವು" ಎಂದು ಹೇಳಿ, ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿದರು. ಸಕ್ಕರೆ ಕಾಯಿಲೆಯವರ ಮೂತ್ರಪಿಂಡಕ್ಕೆ ಅದು ಒಳ್ಳೆಯದಲ್ಲ. ಜೋಮಿಗೆ ಮಲಯಾಳದಲ್ಲಿ "ತರಿಪ್ಪ್" ಎನ್ನುತ್ತಾರೆ, ಬರೆದಿಟ್ಟುಕೊಳ್ಳಿ. ಹೋಗುವಾಗ ಈಗ ನುಂಗುವ ಮದ್ದನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ನಾಟಿಮದ್ದೂ ಸೇರಿ.